ಹಳದಿ ಹೊಡೆದ ಪರದೆ

“ಅಕ್ಕಾರ, ಸ್ಕ್ರೀನ್ ಹಳದಿ ಹೊಡ್ಯಾಕತ್ತೈತಿ ನೋಡ್ರಿ. ಭಾಳ ದಿನ ಬಾಳಂಗಿಲ್ಲ,” ಎಂದು ರಾಗ ಎಳೆದೆ. ಹೈದರಾಬಾದಿನ ಕಾಚಿಗೂಡದ ಆ ಮನೆಯಲ್ಲಿ ಸಾಮಾನೆಲ್ಲ ಕಟ್ಟಿಯಾಗಿತ್ತು. ಮರುದಿನ ಬೀದರಿಗೆ ಹೊರಡುವುದರೊಳಗೆ ಆ ಹೆಣ್ಣುಮಗಳಿಗೆ ತಮ್ಮ ಲ್ಯಾಪ್‌ಟಾಪ್ ಮಾರಬೇಕಿತ್ತು. ನಾನು ನನ್ನ ಮಗಳಿಗೆಂದು ನೋಡಲು ಹೋಗಿದ್ದೆ. ಪರದೆ ಕೆಟ್ಟಿಲ್ಲ, ರಾತ್ರಿ ಕಣ್ಣಿಗೆ ಹಿತವಾಗಲೆಂದು ಇರುವ ಸೆಟ್ಟಿಂಗ್ ಯಾರೋ ಹಾಕಿಟ್ಟಿದ್ದಾರೆ ಎಂಬುದು ನೋಡಿದ ಕೂಡಲೇ ನನಗೆ ಗೊತ್ತಾಗಿತ್ತು. ಆದರೂ ಬೆಲೆ ಇಳಿಯಲಿ ಎಂದು ಹಾಗೆ ಹೇಳಿದ್ದೆ.

ಅವರು ಚೌಕಾಶಿಗೆ ಇಳಿಯಲೇ ಇಲ್ಲ. ಲ್ಯಾಪ್‌ಟಾಪ್ ಮುಚ್ಚಿ ತಮ್ಮ ಕಡೆ ಎಳೆದುಕೊಂಡರು. “ಹಂಗಾದ್ರ ಬ್ಯಾಡ್ರಿ ಅಣ್ಣಾರ. ನಮಗ ಗೊತ್ತ ಇರಲಿಲ್ಲ. ಕೆಟ್ಟದ್ದು ಕೊಟ್ಟು ನಿಮ್ಮ ಮಗಳ ಕಣ್ಣು ಹಾಳ ಮಾಡಲೇನ್ರಿ?”

ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ. “ತಡೀರಿ, ಒಮ್ಮೆ ನೋಡ್ತೀನಿ,” ಎಂದು ತೆರೆದು ಆ ಸೆಟ್ಟಿಂಗ್ ತೆಗೆದೆ. ಪರದೆ ಬೆಳ್ಳಗಾಯಿತು.

“ಯವ್ವಾ, ರಿಪೇರಿನೂ ನೀವ ಮಾಡಿದ್ರಲ್ರಿ! ಕೂಡ್ರಿ, ಚಹಾ ಕುಡದ ಹೋಗ್ರಿ,” ಎಂದು ಅವರು ಒಳಗೆ ಓಡಿದರು.

ಕೇಳಿದ ಬೆಲೆಗೇ ಕೊಂಡೆ. ಹಳೆಯ ಲ್ಯಾಪ್‌ಟಾಪ್ ಕೊಳ್ಳುವವರಿಗೆ ನನ್ನದೊಂದು ಸಲಹೆ: ಪರದೆಯ ಬಣ್ಣ ಬೇರೆಯಾಗಿ ಕಂಡರೆ ಮೊದಲು ಸೆಟ್ಟಿಂಗ್ ನೋಡಿ, ಕಂಡದ್ದನ್ನು ಮಾರುವವರಿಗೂ ಹೇಳಿ. ನಾನು ಕೊನೆಗೂ ಹೇಳಲಿಲ್ಲ. ರಿಪೇರಿ ಮಾಡಿದ ಪುಣ್ಯಾತ್ಮನೆಂದು ಕೊಟ್ಟ ಚಹಾವನ್ನು ತಲೆ ತಗ್ಗಿಸಿ ಕುಡಿದು ಬಂದೆ.