ಅತ್ತೆಯ ಮೈಮೇಲೆ ಬಂದದ್ದು

ಆ ಮಂಗಳವಾರ ಬೆಳಿಗ್ಗೆ ಅತ್ತೆಯ ಕೈ ನಡುಗತೊಡಗಿತು. ಮೈಯೆಲ್ಲ ಬೆವರು. ದೃಷ್ಟಿ ಎಲ್ಲೋ ನೆಟ್ಟಿತ್ತು. ಕರೆದರೆ ಏನೇನೋ ಮಾತು.

"ಎಲ್ಲವ್ವ ಬಂದಾಳ!" ಎಂದಳು ನೆರೆಮನೆಯ ಗಂಗಕ್ಕ.

ಹಿಂದೆಯೂ ಎರಡು ಸಲ ಹೀಗಾಗಿತ್ತು. ಆಮೇಲೆ ದೊಡವಾಡದ ನಮ್ಮ ಓಣಿಯಲ್ಲಿ ಅತ್ತೆಯ ಮಾನವೇ ಬೇರೆ. ಹೆಂಗಸರು ಕಾಲಿಗೆ ಬಿದ್ದು, ಮಗಳ ಮದುವೆ ಯಾವಾಗ ಎಂದು ಕೇಳುತ್ತಿದ್ದರು. ನಾನೂ ಬಿದ್ದಿದ್ದೇನೆ, ಸುಳ್ಳೇಕೆ ಹೇಳಲಿ.

ಅಷ್ಟರಲ್ಲಿ ಮನೆ ತುಂಬಿತು. ಗಂಗಕ್ಕ ಅತ್ತೆಯ ಹಣೆಗೆ ದೇವಿಯ ಭಂಡಾರದ ಅರಿಶಿನ ಹಚ್ಚುವಾಗ, ಕಿಟಕಿಯಲ್ಲಿದ್ದ ಖಾಲಿ ಸಿರಿಂಜ್ ನನಗೆ ಕಂಡಿತು. ಇನ್ಸುಲಿನ್ ತೆಗೆದುಕೊಂಡಿದ್ದಾರೆ. ಮಂಗಳವಾರದ ಉಪವಾಸ, ಒಂದು ತುತ್ತೂ ತಿಂದಿಲ್ಲ. ಚುಚ್ಚಿಕೊಂಡು ಉಣ್ಣದಿದ್ದರೆ ಶುಗರ್ ಇಳಿದು ಜೀವಕ್ಕೇ ಅಪಾಯ, ಕೂಡಲೇ ಸಕ್ಕರೆ ಕೊಡಬೇಕು ಎಂದು ಇನ್ಸುಲಿನ್ ಶುರು ಮಾಡುವಾಗ ಡಾಕ್ಟರು ಹೇಳಿದ್ದು ಆಗ ನೆನಪಾಯಿತು.

ಇದು ಶುಗರ್ ಇಳಿದದ್ದು.

ನನ್ನ ಗಂಡ ಕಬ್ಬಿನ ಟ್ರ್ಯಾಕ್ಟರ್ ಹೊಡೆದುಕೊಂಡು ಎಂ.ಕೆ. ಹುಬ್ಬಳ್ಳಿಯ ಸಕ್ಕರೆ ಕಾರ್ಖಾನೆಗೆ ಹೋಗಿದ್ದರು. 'ದೇವಿಯಲ್ಲ, ರೋಗ' ಎಂದು ಚೀರಬೇಕೆನಿಸಿತು. ಆದರೆ ಅಷ್ಟು ಜನರೊಡನೆ ವಾದಿಸಿ ಗೆಲ್ಲುವುದೆಂದರೆ ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದಂತೆ. ಬಾಯಿ ಮುಚ್ಚಿಕೊಂಡು ಒಳಗೆ ಹೋಗಿ, ನೀರಿಗೆ ಕೈತುಂಬ ಸಕ್ಕರೆ ಕಲಸಿ ತಂದೆ.

"ಸ್ವಲ್ಪ ಸರೀರಿ ಗಂಗಕ್ಕಾ, ದೇವಿಗೆ ಪಾನಕ ಕುಡಸಬೇಕು."

ಎಲ್ಲರೂ ದಾರಿ ಬಿಟ್ಟರು. ಕೈ ಕೂಡ ಮುಗಿದರು.

"ಒಂದ ಗುಟುಕು ನುಂಗ್ರಿ ಅತ್ತಿ." ನುಂಗಿದರು. ಇನ್ನೊಂದು. ಮತ್ತೊಂದು. ಸ್ವಲ್ಪ ಹೊತ್ತಿಗೆ ಕಣ್ಣು ಹೊರಳಿಸಿ ಕೇಳಿದರು: "ಯಾಕ ಇಷ್ಟ ಮಂದಿ ಕೂಡ್ಯಾರ?"

ಕೂಡಲೇ ಆಟೋದಲ್ಲಿ ಬೈಲಹೊಂಗಲದ ಆಸ್ಪತ್ರೆಗೆ ಕರೆದೊಯ್ದೆ. ಡಾಕ್ಟರು ಡ್ರಿಪ್ ಹಚ್ಚಿದರು, ಇನ್ಸುಲಿನ್ ಡೋಸ್ ಇಳಿಸಿದರು. "ಚಲೋ ಮಾಡೀರಿ. ಹಿಂದಿನ ಎರಡು ಸಲಾನೂ ಇದ ಆಗಿರಬೇಕು. ಪುಣ್ಯಾಕ್ಕ ಉಳದಾರ" ಎಂದರು. ಅಲ್ಲಿಯವರೆಗೆ ಗಟ್ಟಿಯಾಗಿದ್ದವಳು ಕಾರಿಡಾರಿಗೆ ಬಂದು ಕುಸಿದು ಕುಳಿತೆ. ಅತ್ತುಬಿಟ್ಟೆ.

ಮರಳಿ ಬರುವಾಗ ಅತ್ತೆ ಮೆಲ್ಲಗೆ ಕೇಳಿದರು: "ಹಂಗಾರ ಮದಲ ಬಂದಾಕಿನೂ ಎಲ್ಲವ್ವ ಅಲ್ಲೇನು?"

ಜೀವ ಉಳಿಸಿದ್ದೆ, ಮಾನ ಕಸಿದಿದ್ದೆ.

ಈಗ ದಿನವೂ ಶುಗರ್ ನೋಡುವುದು, ಹೊತ್ತಿಗೆ ಉಣಿಸುವುದು, ಉಪವಾಸಕ್ಕಾಗಿ ಜಗಳಾಡುವುದು. ದಣಿದಿದ್ದೇನೆ. ಅವರೂ ಬಹಳ ದಿನ ನನ್ನೊಡನೆ ನೆಟ್ಟಗೆ ಮಾತಾಡಲಿಲ್ಲ.

ನಿನ್ನೆ ಗಂಗಕ್ಕ ಬಂದು, "ದೇವಿ ಮತ್ತ ಯಾವಾಗ ಬರತಾಳ್ರಿ?" ಎಂದಳು. ನಾನು ತಲೆ ಎತ್ತದೆ ರೊಟ್ಟಿ ಬಡಿಯುತ್ತಿದ್ದೆ.

ಅತ್ತೆ ತಾಟನ್ನು ಹತ್ತಿರಕ್ಕೆ ಎಳೆದುಕೊಂಡರು.

"ಇನ್ನ ಬರೂದಿಲ್ಲ ಬಿಡವಾ. ನಮ್ಮ ಸೊಸಿ ನನಗ ಹೊತ್ತಿಗೆ ಸರಿಯಾಗಿ ರೊಟ್ಟಿ ಹಾಕತಾಳ."