ವಸಂತಣ್ಣ ನೋಡದೆ ಉಳಿಸಿಟ್ಟ ಫೈನಲ್

ಸುಳ್ಳಾಗಿರಲಿ ದೇವರೇ ಎಂದು ಬೆಳಿಗ್ಗೆಯಿಂದ ಎಷ್ಟು ಸಲ ಹೇಳಿದೆನೋ...

ಕಬಡ್ಡಿ ಗ್ರೂಪಿನಲ್ಲಿ ವಸಂತಣ್ಣನ ಫೋಟೋ ಬಂತು.
ಬರ್ತ್‌ಡೇ ಇರಬೇಕೆಂದು ಗಡಿಬಿಡಿಯಲ್ಲಿ ಕೇಕಿನ ಚಿತ್ರ ಹಾಕಿಬಿಟ್ಟೆ.
ಆಮೇಲೆ ಕೆಳಗೆ ಬರೆದದ್ದು ಓದಿದೆ... ಹಾರ್ಟ್ ಅಟ್ಯಾಕ್.
ಕೂಡಲೇ ಡಿಲೀಟ್ ಮಾಡಿದೆ.
ಅವರು ಇದನ್ನು ಕಂಡಿದ್ದರೆ ಬಿದ್ದು ಬಿದ್ದು ನಗುತ್ತಿದ್ದರು.

ಗೊತ್ತಿಲ್ಲದವರಿಗೆ ಹೇಳುತ್ತೇನೆ...
ವಸಂತಣ್ಣ ಕಡಬ ಪೇಟೆಯಲ್ಲಿ ಮಿಕ್ಸಿ, ಗ್ರೈಂಡರ್ ರಿಪೇರಿ ಮಾಡುತ್ತಿದ್ದರು. ಭಾನುವಾರ ಕಬಡ್ಡಿ ಅಂಪೈರ್. ಪುತ್ತೂರು, ಸುಳ್ಯ, ನೆಟ್ಟಣ... ಎಲ್ಲಿ ಪಂದ್ಯಾಟ ಇದ್ದರೂ ಇಸ್ತ್ರಿ ಹಾಕಿದ ಬಿಳಿ ಟೀಶರ್ಟಿನಲ್ಲಿ ಹಾಜರ್.
ನಾನು ಕೋಡಿಂಬಾಳದ ಹೆಂಗಸರ ಟೀಮಿನ ರೈಡರ್. ಇಬ್ಬರು ಮಕ್ಕಳಾದ ಮೇಲೂ ಆಡುತ್ತಿದ್ದೇನೆಂದರೆ ಅರ್ಧ ಕಾರಣ ಈ ಮನುಷ್ಯ.

ಹೋದ ವರ್ಷದ ನರಿಮೊಗರಿನ ಪಂದ್ಯಾಟ ನೆನಪಿದೆಯಾ?
ಗಂಡಸರಿಗೆ ಮ್ಯಾಟ್... ಪೆಂಡಾಲ್... ಮೈಕ್.
ನಮ್ಮ ಫೈನಲ್ ಮಾತ್ರ ಮಧ್ಯಾಹ್ನ ಊಟದ ಹೊತ್ತಿಗೆ, ಬದಿಯ ಕಲ್ಲುಮಣ್ಣಿನಲ್ಲಿ. ನೋಡಿದವರು ನಮ್ಮ ಅಮ್ಮಂದಿರು, ಮತ್ತೆ ಕೈ ತೊಳೆಯಲು ಬಂದ ನಾಲ್ಕು ಜನ.
ನನ್ನ ಮೊಣಕೈಯ ಕಲೆ ಆವತ್ತಿನದ್ದೇ.

ಅದಾಗಿ ಸ್ವಲ್ಪ ದಿನಕ್ಕೆ ವಸಂತಣ್ಣನ ಮೊಣಕಾಲು ನೋವು ಜೋರಾಯಿತು. ಅಂಪೈರಿಂಗ್ ಬಂದ್. ಭಾನುವಾರ ಕೂಡ ಅಂಗಡಿಯಲ್ಲೇ ಕೂತರು.
ಆಗ ಯೂಟ್ಯೂಬಿನಲ್ಲಿ ಏನೋ ಹುಡುಕುವಾಗ ಸಿಕ್ಕಿದ್ದು... ಬ್ರಿಟನ್ನಿನ ರಗ್ಬಿ ಲೀಗ್ ನಾಕೌಟ್ ಕಪ್. ಒಂದು ಇಡೀ ಸೀಸನ್.

ನಾನು ಮಿಕ್ಸಿ ತರಲು ಹೋದರೆ, ಮಿಕ್ಸಿಯ ಜಾರಿಗೆ ಒರಗಿಸಿಟ್ಟ ಮೊಬೈಲಿನಲ್ಲಿ ಧಡೂತಿ ಗಂಡಸರು ಒಬ್ಬರ ಮೇಲೊಬ್ಬರು ಬೀಳುತ್ತಿದ್ದಾರೆ!
“ಇದೆಂತ ವಸಂತಣ್ಣ?”
“ನಮ್ಮ ಕಬಡ್ಡಿಯೇ ಮಾರಾಯ್ತಿ! ಹಿಡಿದು ಬೀಳಿಸುದು. ಕಬಡ್ಡಿ ಕಬಡ್ಡಿ ಹೇಳ್ಲಿಕ್ಕಿಲ್ಲ, ಅಷ್ಟೆ. ಆರು ಸಲ ಬಿದ್ರೆ ಚೆಂಡು ಆಚೆಯವರಿಗೆ. ಸಣ್ಣ ಊರಿನ ಟೀಮುಗಳೂ ಉಂಟು ನೋಡು. ವಾರ ಇಡೀ ಕೆಲಸ ಮಾಡಿ ಬಂದು ಆಡುವವರು.”

ವಾರಕ್ಕೆ ಒಂದೇ ಮ್ಯಾಚ್. ಅದೂ ಭಾನುವಾರವೇ ಆಗಬೇಕು.
ಸಣ್ಣ ಟೀಮೊಂದು ಗೆಲ್ಲಲಿ ಎಂದು ದೇವರಿಗೆ ಎರಡು ಊದುಬತ್ತಿ ಹೆಚ್ಚು ಹಚ್ಚಿದ್ದೂ ಉಂಟು.
ನಾನು ಬಾಯಿ ಬಿಟ್ಟೆ. “ಇದು ಲೈವ್ ಅಲ್ಲ ವಸಂತಣ್ಣ. ಹಳೇ ವಿಡಿಯೋ. ಯಾವಾಗಲೋ ಮುಗಿದಾಗಿದೆ.”
ಅವರು ವಿಡಿಯೋ ನಿಲ್ಲಿಸಿದರು. ಆಮೇಲೆ ಸ್ಕ್ರೂಡ್ರೈವರ್ ನನ್ನ ಕಡೆ ತೋರಿಸಿ, “ನಾನು ನೋಡದ್ದು ಮುಗಿದದ್ದು ಹೇಗೆ ಆಗ್ತದೆ? ರಿಸಲ್ಟ್ ಹೇಳಿದ್ರೆ ಜಾಗ್ರತೆ, ನಿನ್ನ ಮಿಕ್ಸಿ ಕೊಡುದಿಲ್ಲ!”
ನಾನು ಮನೆಗೆ ಬಂದು ಗೂಗಲ್ ಮಾಡಿದೆ. ಗೆದ್ದದ್ದು ಯಾರೆಂದು ಗೊತ್ತಾಯಿತು. ಹೇಳಲಿಲ್ಲ.

ಕೊನೆಗೂ ಫೈನಲಿನ ಭಾನುವಾರ ಬಂತು. ಆವತ್ತು ನಾನೂ ಅಂಗಡಿಯಲ್ಲಿದ್ದೆ. ಲಂಡನಿನ ದೊಡ್ಡ ಸ್ಟೇಡಿಯಂ.
ಮೊದಲು ಮೈದಾನಕ್ಕೆ ಇಳಿದವರು... ಹೆಂಗಸರು.
ಅದೇ ದಿನ, ಅದೇ ಹುಲ್ಲು. ಅವರ ಫೈನಲ್ ಆದ ಮೇಲೆಯೇ ಗಂಡಸರದ್ದು.

ವಸಂತಣ್ಣ ಹೆಂಗಸರ ಮ್ಯಾಚ್ ಪೂರ್ತಿ ನೋಡಿದರು. ಗಂಡಸರದ್ದು ಶುರುವಾಗುವಾಗ ಮೊಬೈಲ್ ಆಫ್ ಮಾಡಿ, ದೇವರ ಫೋಟೋದ ಕಡೆ ತಿರುಗಿ ಕೈ ಮುಗಿದರು.
“ಇದು ಹರಕೆ. ನಮ್ಮಲ್ಲಿ ಹೀಗೆ ಆಗುವವರೆಗೆ ಈ ಫೈನಲ್ ನಾನು ನೋಡುದಿಲ್ಲ.”
ಯೂಟ್ಯೂಬ್ ವಿಡಿಯೋಗೆ ಹರಕೆ ಹೊತ್ತವರನ್ನು ನೀವು ಕಂಡಿದ್ದೀರಾ?
ನಾನು ಕಂಡಿದ್ದೇನೆ.

ವಸಂತಣ್ಣ... ನಿಮ್ಮ ಹತ್ತಿರವೇ ಮಾತಾಡುತ್ತೇನೆ ಈಗ.
ಕಾಲು ಸರಿಯಾದ ಕೂಡಲೇ ನೀವು ನರಿಮೊಗರಿನ ಪಂದ್ಯಾಟದ ಕಮಿಟಿ ಮೀಟಿಂಗಿಗೆ ಹೋದದ್ದು... “ಊಟದ ಹೊತ್ತಿಗೆ ಇಟ್ರೆ ಹೆಂಗಸರಿಗೆ ಎಂತ ತೊಂದರೆ?” ಎಂದು ಅವರು ಕೇಳಿದ್ದು...
“ತೊಂದರೆ ಇಲ್ಲದಿದ್ರೆ ಗಂಡಸರದ್ದು ಊಟದ ಹೊತ್ತಿಗೆ ಇಡಿ ಮಾರಾಯ್ರೆ. ಅಲ್ಲದಿದ್ರೆ ಬೇರೆ ಅಂಪೈರ್ ನೋಡಿಕೊಳ್ಳಿ” ಎಂದು ಎದ್ದುಬಂದಿರಂತೆ. ಇದನ್ನು ನೀವು ಒಂದು ದಿನವೂ ನಮಗೆ ಹೇಳಲಿಲ್ಲ.

ಮೊನ್ನೆ ಭಾನುವಾರ... ಅದೇ ಪಂದ್ಯಾಟದ ಫೈನಲ್... ಸಂಜೆ ನಾಲ್ಕು ಗಂಟೆ... ನಾವು ಮ್ಯಾಟಿನ ಮೇಲೆ.
ಪೆಂಡಾಲ್ ತುಂಬಾ ಜನ. ಮೈಕಿನಲ್ಲಿ ನನ್ನ ಹೆಸರು. ನನ್ನ ಮಗಳು ಕುರ್ಚಿಯ ಮೇಲೆ ನಿಂತು ಕಿರುಚುತ್ತಿದ್ದಳು.
ಒಂದೇ ಪಾಯಿಂಟ್ ಹಿಂದೆ ಇದ್ದೆವು. ಕೊನೆಯ ರೈಡ್ ನನ್ನದು.
ನನ್ನ ಕಾಲು ಗೆರೆಯಿಂದ ಹೊರಗೆ ಹೋಯಿತು... ನೋಡಿದ್ದು ನೀವೊಬ್ಬರೇ.
ಔಟ್ ಕೊಟ್ಟದ್ದೂ ನೀವೇ!
ಆವತ್ತು ಒಂದು ಗಳಿಗೆ ನಿಮ್ಮ ಮೇಲೆ ಎಂಥ ಸಿಟ್ಟು ಬಂದಿತ್ತು ಗೊತ್ತಾ?

ಆಮೇಲೆ ನೀರಿನ ಬಾಟ್ಲಿ ಹಿಡಿದುಕೊಂಡು ಬಂದಿರಿ.
“ಬೇಜಾರಾ?”
“ಹೌದು.”
“ಗೆರೆ ಎಲ್ಲರಿಗೂ ಒಂದೇ ಮಾರಾಯ್ತಿ. ಇವತ್ತು ನೀನು ಸೋತದ್ದನ್ನು ಇಡೀ ಊರು ನೋಡಿತಲ್ಲ, ಹೋದ ವರ್ಷ ನೀವು ಗೆದ್ದದ್ದನ್ನು ಯಾರು ನೋಡಿದ್ರು?”
ಅಳು ಬಂತು, ನಗುವೂ ಬಂತು.
“ಹರಕೆ ತೀರಿತು. ಬರುವ ಭಾನುವಾರ ಟೀಮಿನವರೆಲ್ಲ ಅಂಗಡಿಗೆ ಬನ್ನಿ. ಗಂಡಸರ ಫೈನಲ್ ಒಟ್ಟಿಗೆ ನೋಡುವ. ತಿನ್ಲಿಕ್ಕೆ ಗೋಳಿಬಜೆ ನಂದು.”

ಇವತ್ತು ಗುರುವಾರ.
ಮೂರು ದಿನ ಕಾಯಬಾರದಿತ್ತಾ ವಸಂತಣ್ಣ...

ಥ್ಯಾಂಕ್ಸ್ ಎಂದರೆ ನೀವು ಬೈಯುತ್ತಿದ್ದಿರಿ, ಅದಕ್ಕೇ ಯಾವತ್ತೂ ಹೇಳಲಿಲ್ಲ. ಇವತ್ತು ಬೈಯಲು ನೀವಿಲ್ಲ, ಹೇಳಿಬಿಡುತ್ತೇನೆ. ಮ್ಯಾಟಿಗೆ ಥ್ಯಾಂಕ್ಸ್. ನಾಲ್ಕು ಗಂಟೆಗೆ ಥ್ಯಾಂಕ್ಸ್. ಆ ಔಟಿಗೂ ಥ್ಯಾಂಕ್ಸ್.

ಭಾನುವಾರ ನಾವು ಏಳು ಜನವೂ ಬರುತ್ತೇವೆ. ಅಂಗಡಿಯ ಬೀಗದ ಕೈ ಕೊಡುತ್ತೇನೆಂದು ನಿಮ್ಮ ಹೆಂಡತಿ ಅಳುತ್ತಲೇ ಹೇಳಿದ್ದಾರೆ. ಮೊಬೈಲನ್ನು ಅದೇ ಜಾರಿಗೆ ಒರಗಿಸಿ, ನಿಮ್ಮ ಸ್ಟೂಲನ್ನು ಮುಂದೆಯೇ ಇಡುತ್ತೇವೆ. ಗೋಳಿಬಜೆ ಈ ಸಲ ನಮ್ಮದು.

ಫ್ರೆಂಡ್ಸ್, ಒಂದು ವಿನಂತಿ.
ಆ ಕಪ್ ಯಾರು ಗೆದ್ದರೆಂದು ನಿಮಗೆ ಗೊತ್ತಿದ್ದರೂ ಕಮೆಂಟಿನಲ್ಲಿ ಹಾಕಬೇಡಿ.
ವಸಂತಣ್ಣ ಇನ್ನೂ ನೋಡಿಲ್ಲ.

ಹೋಗಿ ಬನ್ನಿ ವಸಂತಣ್ಣ... ನಿಮ್ಮ ಜೀವ ತಂಪಾಗಿರಲಿ. 🙏