ಮುಂಬಾಗಿಲಿನಿಂದ ಒಳಗೆ

ತೊಂಬತ್ತರ ದಶಕದ ನಡುಭಾಗ. ನನಗೆ ಡ್ರೈವಿಂಗ್ ಲೈಸೆನ್ಸ್ ಸಿಕ್ಕಿ ಮೂರು ವಾರವೂ ಆಗಿರಲಿಲ್ಲ. ಏಪೆಕ್ಸ್ ಎಂಬ ಊರಿನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಕೆಳಗಿನ ಮನೆಯಲ್ಲೊಬ್ಬ ಆಂಟಿ ಇದ್ದರು. ಕಪ್ಪು ಜನಾಂಗದವರು, ಶಾಲೆಯೊಂದರ ಅಡುಗೆಮನೆಯಲ್ಲಿ ದುಡಿಯುತ್ತಿದ್ದವರು. ಕಣ್ಣಿನ ಆಪರೇಷನ್ ಆಗಿದ್ದರಿಂದ ಅವರು ಕಾರು ಓಡಿಸುವಂತಿರಲಿಲ್ಲ. ಶನಿವಾರ ತಮ್ಮ ಊರಿನ ಚರ್ಚಿಗೆ ಬಿಡುತ್ತೀಯಾ ಎಂದು ಕೇಳಿದರು. ಎರಡು ಗಂಟೆಯ ದಾರಿ. ಹಿಂದುಮುಂದು ನೋಡದೆ ಹೂಂ ಎಂದುಬಿಟ್ಟೆ.

ನನ್ನ ಗಂಡ ಗಾಬರಿಯಾದ. "ಹೈವೇಲಿ ಅಷ್ಟು ದೂರ ಡ್ರೈವ್ ಮಾಡ್ತೀಯಾ? ಪೊಲೀಸ್ ನಿಲ್ಲಿಸಿದ್ರೆ? ವೀಸಾ ಎಕ್ಸ್‌ಟೆನ್ಶನ್‌ಗೆ ಈಗಷ್ಟೇ ಅಪ್ಲೈ ಮಾಡಿದೀವಿ."

"ಅವರು ಅಲ್ಲಿ ಮಕ್ಕಳ ಮುಂದೆ ಮಾತಾಡ್ಬೇಕಂತೆ. ಚಿಕ್ಕವರಿದ್ದಾಗ ವಾಷಿಂಗ್ಟನ್‌ನಲ್ಲಿ ಕಪ್ಪು ಜನರ ಹಕ್ಕಿಗೆ ನಡೆದ ದೊಡ್ಡ ಮಾರ್ಚ್‌ಗೆ ಹೋಗಿದ್ರಂತೆ."

"ಮಾರ್ಚು ಗೀರ್ಚು ಏನಾದ್ರೂ ಇದ್ರೆ ನೀನು ಕಾರಿಂದ ಇಳೀಬೇಡ," ಎಂದ.

ಶನಿವಾರ ಹೈವೇಯ ಅಂಚಿಗೇ ಅಂಟಿಕೊಂಡು ನಿಧಾನವಾಗಿ ಓಡಿಸಿದೆ. ಪಕ್ಕದಲ್ಲಿ ಲಾರಿ ಹಾದಾಗಲೆಲ್ಲ ಉಸಿರು ಬಿಗಿಹಿಡಿಯುತ್ತಿದ್ದೆ. ನನ್ನ ಭಯ ಕಂಡೋ ಏನೋ, ಆಂಟಿ ಮಾತು ತೆಗೆದರು. ನಾವು ಮಾತಾಡಿದ್ದು ಇಂಗ್ಲಿಷಿನಲ್ಲಿ. ನೆನಪಿನಲ್ಲಿ ಮಾತ್ರ ಅದೆಲ್ಲ ಕನ್ನಡವೇ ಆಗಿದೆ.

ಅರವತ್ತಮೂರನೇ ಇಸವಿಯ ಮಾತು. ಆಗ ಅವರಿಗೆ ಹತ್ತೊಂಬತ್ತು ವರ್ಷ. ಅವರ ಊರಿನ ಹೋಟೆಲೊಂದರಲ್ಲಿ ಬಿಳಿಯರಿಗೆ ಮುಂಬಾಗಿಲು, ಮೇಜು, ಕುರ್ಚಿ. ಇವರಿಗೆ ಹಿಂದಿನ ಗೋಡೆಯ ಕಿಟಕಿಯಲ್ಲಿ ಕಾಗದದ ಪೊಟ್ಟಣ. ಅದರೆದುರು ಇವರ ಚರ್ಚಿನ ಹನ್ನೆರಡು ಜನ ಫಲಕ ಹಿಡಿದು ನಿಂತಾಗ ಬಿಳಿಯರು ಮೈಮೇಲೆ ಉಗುಳಿದ್ದರು, ಪೊಲೀಸರು ಎಳೆದೊಯ್ದಿದ್ದರು. "ನಾಲ್ಕು ತಲೆಕೆಟ್ಟವರ ಗಲಾಟೆ ಅಂತ ಊರೇ ಹೇಳ್ತು. ನನಗೂ ಕೆಲವು ದಿನ ಹಾಗೇ ಅನ್ನಿಸ್ತು," ಎಂದರು.

ಆಮೇಲೆ ವಾಷಿಂಗ್ಟನ್ನಿಗೆ ಹೊರಟ ಬಸ್ಸು ಹತ್ತಿದರು. ದಾರಿಯ ಯಾವ ಹೋಟೆಲಿನಲ್ಲೂ ಒಳಗೆ ಬಿಡುವುದಿಲ್ಲವೆಂದು ಚಪ್ಪಲಿಯ ಡಬ್ಬಿಯಲ್ಲಿ ಕೋಳಿ, ಬ್ರೆಡ್ಡು ಕಟ್ಟಿಕೊಂಡಿದ್ದರು. ಗಲಭೆಯಾಗುತ್ತದೆ, ರಕ್ತ ಹರಿಯುತ್ತದೆ ಎಂದು ಎಲ್ಲರೂ ಹೆದರಿಸಿದ್ದರು. ಸರ್ಕಾರ ಸೈನಿಕರನ್ನು ಸಿದ್ಧವಾಗಿಟ್ಟಿತ್ತು.

"ಬಸ್ಸಿಂದ ಇಳಿದು ನೋಡ್ತೀನಿ, ಜನವೋ ಜನ. ಬಿಳಿಯರೂ ನಮ್ಮ ಜೊತೆ ನಡೀತಿದ್ರು. ಬಿಸಿಲಿಗೆ ಸುಸ್ತಾಗಿ ಎಲ್ಲರೂ ಅಲ್ಲಿದ್ದ ದೊಡ್ಡ ಕೊಳದಲ್ಲಿ ಕಾಲು ಇಳಿಬಿಟ್ಟು ಕೂತ್ರು. ಒಂದು ಕಲ್ಲೂ ಬೀಳಲಿಲ್ಲ. ನಾವು ಹನ್ನೆರಡೇ ಜನ ಅಲ್ಲ ಅಂತ ನನಗೆ ಅವತ್ತು ಗೊತ್ತಾಯ್ತು. ಟಿವಿಲಿ ನೋಡಿ ದೇಶಕ್ಕೂ ಗೊತ್ತಾಯ್ತು. ನಮ್ಮನ್ನ ಪುಂಡರು ಅನ್ನೋಕೆ ಯಾರಿಗೂ ಬಾಯಿಲ್ಲದ ಹಾಗಾಯ್ತು."

"ಅಷ್ಟಕ್ಕೇ ಎಲ್ಲ ಬದಲಾಯ್ತಾ?"

"ಎಲ್ಲಿ! ಮೂರು ವಾರ ಕಳೆಯೋದರೊಳಗೆ ಇನ್ನೊಂದು ರಾಜ್ಯದಲ್ಲಿ ಚರ್ಚಿಗೆ ಬಾಂಬ್ ಇಟ್ಟು ಹುಡುಗಿಯರನ್ನ ಕೊಂದ್ರು. ನಮ್ಮಮ್ಮ ನನ್ನನ್ನ ಮನೆಯಿಂದ ಆಚೆಗೇ ಬಿಡಲಿಲ್ಲ. ಆದರೆ ಅಷ್ಟು ಜನ ನಡೆದದ್ದನ್ನ ಸರ್ಕಾರದ ದೊಡ್ಡವರಿಗೆ ಮರೆಯೋಕೆ ಆಗಲಿಲ್ಲ. ಮುಂದಿನ ವರ್ಷ ಕಾನೂನು ಬಂತು. ಹೋಟೆಲ್ ಬಾಗಿಲಲ್ಲಿ ನಮ್ಮನ್ನ ತಡೆಯೋ ಹಾಗಿಲ್ಲ ಅಂತ."

ಆಂಟಿ ನನ್ನ ಕಡೆ ತಿರುಗಿ ಕೇಳಿದರು. "ನಿಮ್ಮ ದೇಶದಲ್ಲಿ ಇಂಥ ಹಿಂದಿನ ಕಿಟಕಿ ಇತ್ತಾ?"

"ಇಲ್ಲ," ಎಂದೆ. ಅಷ್ಟು ಬೇಗ ಹೇಳಿಬಿಟ್ಟಿದ್ದಕ್ಕೆ ನನಗೇ ಕಸಿವಿಸಿಯಾಯಿತು.

ಅವರ ಊರು ಬಂತು. ಚರ್ಚಿನ ಕಡೆ ತಿರುಗಿಸಲು ಹೋದರೆ, "ಬೇಡ, ಅಲ್ಲಿ ನಿಲ್ಲಿಸು," ಎಂದು ಕೆಂಪು ಇಟ್ಟಿಗೆಯ ಹೋಟೆಲೊಂದನ್ನು ತೋರಿಸಿದರು. ಅದೇ ಹೋಟೆಲ್. ಅವರು ಇಳಿಯಲಿಲ್ಲ, ಕೈಚೀಲ ಹಿಡಿದು ಕೂತೇ ಇದ್ದರು.

"ಹೋದ ಸಲ ಚರ್ಚಿನಲ್ಲಿ ಒಂದು ಹುಡುಗಿ ಕೇಳಿದ್ಳು, ಕಾನೂನು ಬಂದ ಮೇಲೆ ನೀವು ಇಲ್ಲಿಗೆ ಬಂದು ಊಟ ಮಾಡಿದ್ರಾ ಅಂತ. ಹೂಂ ಅಂದೆ. ಸುಳ್ಳು. ಅಮ್ಮ ಬರಲ್ಲ ಅಂದಳು, ನನಗೆ ಒಬ್ಬಳಿಗೇ ಧೈರ್ಯ ಬರಲಿಲ್ಲ. ಆಮೇಲೆ ಊರೇ ಬಿಟ್ಟೆ. ಅಷ್ಟು ಜನರ ನಡುವೆ ನಡೆಯೋದು ಸುಲಭ ಕಣಮ್ಮ. ಈ ಬಾಗಿಲು ಕಷ್ಟ."

ಗಂಡನ ಮಾತು ನೆನಪಾಯಿತು. ಆದರೂ ಇಳಿದೆ. ಇಬ್ಬರೂ ಮುಂಬಾಗಿಲಿನಿಂದ ಒಳಗೆ ಹೋದೆವು. ಒಳಗಿದ್ದವರೆಲ್ಲ ಬಿಳಿಯರು. ಒಂದೆರಡು ತಲೆ ನಮ್ಮತ್ತ ತಿರುಗಿದವು. ಬಡಿಸುವ ಹುಡುಗಿ ಆರ್ಡರ್ ಬರೆದುಕೊಂಡು ಹೋದವಳು ಬರಲೇ ಇಲ್ಲ. ನಮಗಿಂತ ತಡವಾಗಿ ಬಂದವರ ಮೇಜಿಗೆ ತಟ್ಟೆ ಬಂತು. ಆಂಟಿ ಮಡಿಸಿದ ನ್ಯಾಪ್ಕಿನ್ನನ್ನೇ ಮತ್ತೆ ಮತ್ತೆ ಮಡಿಸುತ್ತಿದ್ದರು. ಬೇಕೆಂದೇ ಕಾಯಿಸುತ್ತಿದ್ದಾರೋ, ಬರೀ ತಡವೋ? ಕೇಳುವುದು ಹೇಗೆ?

"ಹೋಗೋಣ್ವಾ?" ಎಂದೆ.

"ಇಲ್ಲ, ಕೂತಿರು."

ಕೊನೆಗೆ ತಟ್ಟೆಗಳು ಬಂದವು. "ಸಾರಿ, ನಿಮ್ಮ ಚೀಟಿ ಕೆಳಗೆ ಬಿದ್ದುಹೋಗಿತ್ತು," ಎಂದಳು ಹುಡುಗಿ. ನಿಜವಿರಬಹುದು, ಇಲ್ಲದಿರಬಹುದು. ಆಂಟಿ ನಿಧಾನವಾಗಿ, ಒಂದು ತುಣುಕೂ ಬಿಡದೆ ತಿಂದರು. ನನ್ನ ತಟ್ಟೆಯಲ್ಲಿ ಅರ್ಧ ಹಾಗೇ ಉಳಿಯಿತು.

ಕಾರಿಗೆ ಬಂದು ಕೂತ ಮೇಲೆ ಕೀಲಿ ತಿರುಗಿಸಲಾಗಲಿಲ್ಲ. "ನಾನೂ ಸುಳ್ಳು ಹೇಳಿದೆ," ಎಂದೆ. ಮೈಸೂರಿನ ನಮ್ಮ ಅಜ್ಜಿಯ ಮನೆಗೆ ಹಿತ್ತಿಲಿನಿಂದ ಬರುತ್ತಿದ್ದ ಹೆಂಗಸಿನ ವಿಷಯ ಹೇಳಿದೆ. ಕಕ್ಕಸು ತೊಳೆಯುತ್ತಿದ್ದಳು. ಕಾಫಿಯನ್ನು ಅವಳ ಲೋಟಕ್ಕೆ ಮೇಲಿಂದ ಸುರಿಯುತ್ತಿದ್ದರು. ಆ ಲೋಟ ಹಿತ್ತಿಲ ಗೋಡೆಯ ಗೂಡಿನಲ್ಲೇ ಇರುತ್ತಿತ್ತು. ನಾನೂ ಸುರಿದಿದ್ದೆ.

ಬೈಯುತ್ತಾರೆ ಎಂದುಕೊಂಡೆ. ಅವರು ಕೇಳಿದ್ದು ಒಂದೇ. "ಅವಳ ಹೆಸರೇನು?"

ನನಗೆ ಗೊತ್ತಿರಲಿಲ್ಲ.

ಚರ್ಚಿನಲ್ಲಿ ಆಂಟಿ ಮಕ್ಕಳ ಮುಂದೆ ನಿಂತು, ಹೋದ ಸಲ ಸುಳ್ಳು ಹೇಳಿದ್ದೆ ಎಂದು ಒಪ್ಪಿಕೊಂಡರು. ಮಕ್ಕಳು ನಕ್ಕರು. ಆದರೆ ಮುಂದಿನ ಸಾಲಿನ ಮುದುಕಿಯೊಬ್ಬರು ನಗಲಿಲ್ಲ. "ನಾನಂತೂ ಇವತ್ತಿಗೂ ಹೋಗಿಲ್ಲ," ಎಂದರು.

ಮರುದಿನ ಬೆಳಿಗ್ಗೆ ಮೈಸೂರಿಗೆ ಫೋನ್ ಮಾಡಿ ಅಮ್ಮನನ್ನು ಆ ಹೆಂಗಸಿನ ಹೆಸರು ಕೇಳಿದೆ.

"ಈಗ್ಯಾಕೆ ಅದೆಲ್ಲ?" ಎಂದಳು ಅಮ್ಮ. ನಾನು ಮತ್ತೆ ಕೇಳಿದೆ. ಅಮ್ಮನ ದನಿ ತಗ್ಗಿತು. "ನಾವ್ಯಾರೂ ಅವಳ ಹೆಸರು ಕೇಳೇ ಇರಲಿಲ್ಲ ಕಣೇ."